ಶ್ವಾಸಕೋಶ ಕುಸಿತಕ್ಕೆ ಚಿಕಿತ್ಸೆಯಾದ ಮೇಲೆ: ಮಲೆನಾಡಿನ ಮನೆಗಳಲ್ಲಿ ವಹಿಸಬೇಕಾದ ಎಚ್ಚರ

ಶ್ವಾಸಕೋಶದಿಂದ ಗಾಳಿ ಸೋರಿ ಎದೆಗೂಡಿನಲ್ಲಿ ತುಂಬಿಕೊಂಡು ಶ್ವಾಸಕೋಶ ಕುಸಿದಾಗ (ನ್ಯೂಮೋಥೊರಾಕ್ಸ್), ಆ ಗಾಳಿಯನ್ನು ಹೊರತೆಗೆಯಲು ಎದೆಗೆ ಹಾಕಿದ್ದ ನಳಿಕೆಯನ್ನು ತೆಗೆದು, ಶ್ವಾಸಕೋಶ ಪೂರ್ತಿ ಅರಳಿದೆಯೆಂದು ಎಕ್ಸ್‌ರೇ ನೋಡಿ ವೈದ್ಯರು ಮನೆಗೆ ಕಳುಹಿಸಿದರೆ, ಕಾಯಿಲೆ ಮುಗಿಯಿತೆಂದೇ ಮನೆಯವರು ಭಾವಿಸುತ್ತಾರೆ. ಆದರೆ ಗಾಳಿ ಸೋರಿದ್ದ ಜಾಗ ಮುಚ್ಚಿಕೊಂಡರೂ, ಸೋರಿಕೆಗೆ ಕಾರಣವಾದ ಸಣ್ಣ ಗುಳ್ಳೆಗಳು ಶ್ವಾಸಕೋಶದ ಮೇಲ್ತುದಿಯಲ್ಲಿ ಉಳಿದಿರಬಹುದು. ಬೇರೆ ಕಾಯಿಲೆಯಿಲ್ಲದೆ ಮೊದಲ ಬಾರಿ ಕುಸಿತವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಅದು ಮರುಕಳಿಸುತ್ತದೆ, ಅದೂ ಹೆಚ್ಚಾಗಿ ಮೊದಲ 1–2 ವರ್ಷಗಳಲ್ಲಿ. ಸಿಒಪಿಡಿ (ಶ್ವಾಸನಾಳಗಳು ಕಿರಿದಾಗುವ ದೀರ್ಘಕಾಲದ ಕಾಯಿಲೆ) ಇದ್ದವರಿಗೆ ಅಪಾಯ ಇನ್ನೂ ಹೆಚ್ಚು.

ನಮ್ಮ ಕೈಯಲ್ಲಿರುವ ದೊಡ್ಡ ಉಪಾಯವೆಂದರೆ ಬೀಡಿ, ಸಿಗರೇಟನ್ನು ಪೂರ್ತಿ ಬಿಡುವುದು. ಮಳೆಗಾಲದ ಚಳಿಗೆ ದಿನಕ್ಕೆರಡೇ ಎಂಬ ರಾಜಿಗೆ ಇಲ್ಲಿ ಅವಕಾಶವಿಲ್ಲ.

ಭಾರ ಎತ್ತಿದ್ದರಿಂದಲೇ ಹೀಗಾಯಿತೆಂದು ರೋಗಿಯನ್ನು ಬೈಯುವುದು ನ್ಯಾಯವಲ್ಲ, ಏಕೆಂದರೆ ಬಹುಪಾಲು ಕುಸಿತಗಳು ಸುಮ್ಮನೆ ಕುಳಿತಿದ್ದಾಗಲೇ ಆಗುತ್ತವೆ. ಆದರೂ ವೈದ್ಯರು ಒಪ್ಪುವವರೆಗೆ ಗೊಬ್ಬರದ ಮೂಟೆ ಹೊರಬಾರದು. ಕೊನೆ ತೆಗೆಯಲು ಅಡಿಕೆ ಮರ ಹತ್ತುವುದಂತೂ ಬೇಡವೇ ಬೇಡ, ಮರದ ತುದಿಯಲ್ಲಿ ಉಸಿರು ಕಟ್ಟಿದರೆ ಇಳಿಸುವವರು ಯಾರು?

ಶಿವಮೊಗ್ಗದಿಂದ ವಿಮಾನ ಹತ್ತುವುದಿದ್ದರೆ, ಶ್ವಾಸಕೋಶ ಪೂರ್ತಿ ಅರಳಿದೆಯೆಂದು ಎಕ್ಸ್‌ರೇ ತೋರಿಸಿದ ಮೇಲೆ ಕನಿಷ್ಠ 7 ದಿನ ಕಾದು, ವೈದ್ಯರನ್ನು ಕೇಳಿಯೇ ಹೊರಡಬೇಕು. ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಡೈವಿಂಗ್ ಮಾಡುವ ಆಸೆಯನ್ನು ಮಾತ್ರ, ಎರಡೂ ಬದಿಗೆ ಶಾಶ್ವತ ಪರಿಹಾರದ ಶಸ್ತ್ರಚಿಕಿತ್ಸೆಯಾಗಿ ತಜ್ಞರು ಒಪ್ಪಿದ ಹೊರತು, ಕೈಬಿಡುವುದೇ ಸರಿ.

ಎರಡನೇ ಬಾರಿ ಕುಸಿದರೆ, ಮತ್ತೆ ನಳಿಕೆ ಹಾಕಿಸಿಕೊಂಡು ಮರಳುವ ಬದಲು, ಗುಳ್ಳೆಗಳನ್ನು ತೆಗೆದು ಶ್ವಾಸಕೋಶವನ್ನು ಎದೆಗೋಡೆಗೆ ಅಂಟಿಸುವ, ಸಣ್ಣ ರಂಧ್ರಗಳ ಮೂಲಕ ಕ್ಯಾಮೆರಾ ಹಾಕಿ ಮಾಡುವ ಶಸ್ತ್ರಚಿಕಿತ್ಸೆಯ ಬಗ್ಗೆ ವಿಚಾರಿಸಿ. ಅದರ ನಂತರ ಮರುಕಳಿಸುವ ಪ್ರಮಾಣ ಬಹಳ ಇಳಿಯುತ್ತದೆ.

ಎದೆಯ ಒಂದೇ ಬದಿಯಲ್ಲಿ ಇದ್ದಕ್ಕಿದ್ದಂತೆ ಚುಚ್ಚಿದಂತಾಗಿ, ಉಸಿರೆಳೆದಾಗ ನೋವು ಹೆಚ್ಚಿದರೆ, ಗ್ಯಾಸ್ಟ್ರಿಕ್ ಇರಬೇಕೆಂದು ಜೀರಿಗೆ ಕಷಾಯ ಕುಡಿದು ಬೆಳಗಾಗಲೆಂದು ಕಾಯಬಾರದು. ತುಟಿ ನೀಲಿಗಟ್ಟಿದರೆ, ತಲೆ ಸುತ್ತಿದರೆ ಅಥವಾ ಎದೆಬಡಿತ ತೀರಾ ಹೆಚ್ಚಿದರೆ ಕೂಡಲೇ 108ಕ್ಕೆ ಕರೆ ಮಾಡಿ. ಆಷಾಢದ ಮಳೆಯಲ್ಲಿ ಮರ ಬಿದ್ದು ರಸ್ತೆ ಕಟ್ಟುವ, ಮೊಬೈಲ್ ಸಿಗ್ನಲ್ ಹೋಗುವ ಊರಾದರೆ, ಯಾರ ಜೀಪು ಸಿಗುತ್ತದೆ, ಯಾವ ದಾರಿಯಲ್ಲಿ ಹೋಗಬೇಕು ಎಂಬುದನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಹಳೆಯ ಎಕ್ಸ್‌ರೇ ಫಿಲ್ಮುಗಳು ಮಲೆನಾಡಿನ ತೇವಕ್ಕೆ ಒಂದಕ್ಕೊಂದು ಅಂಟಿಕೊಳ್ಳುವುದುಂಟು; ಅವುಗಳ ನಡುವೆ ಕಾಗದವಿಟ್ಟು, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ, ಡಿಸ್ಚಾರ್ಜ್ ಚೀಟಿಯೊಂದಿಗೆ ಬಾಗಿಲ ಹತ್ತಿರದ ಗೂಡಿನಲ್ಲಿ ಇಡಿ.