ಪೋಕರ್ ಪಂದ್ಯದ ಕೊನೆಯ ಘಟ್ಟ: ಬ್ಲೈಂಡ್ ಲೆಕ್ಕ ಹಿಡಿದು ಆಡುವುದು ಹೇಗೆ?

‘ಇಪ್ಪತ್ತೆಂಟು’ ಎಂಬ ಇಸ್ಪೀಟಾಟ ಆಡಿ ಪಳಗಿದ ಕಾಸರಗೋಡಿನವರಿಗೆ ಪೋಕರ್‌ನ ನಿಯಮ ಕಲಿಯಲು ಒಂದು ಸಂಜೆ ಸಾಕು. ಗುಲಾಮ ಇಲ್ಲಿ ಎಲ್ಲಕ್ಕಿಂತ ದೊಡ್ಡ ಎಲೆಯಲ್ಲ, ಎಕ್ಕ, ರಾಜ, ರಾಣಿಯರ ಕೆಳಗಿನವನು ಎಂಬುದೊಂದು ತಲೆಗೆ ಹತ್ತಬೇಕು. ಎಡವುವುದು ಪಂದ್ಯದ ಕೊನೆಯಲ್ಲಿ. ಇಪ್ಪತ್ತೆಂಟರಲ್ಲಿ ಎಲೆ ಸರಿಯಿಲ್ಲದಿದ್ದರೆ ಪಾಸ್ ಹೇಳಿ ಕೂರಬಹುದು. ಪೋಕರ್ ಪಂದ್ಯದಲ್ಲಿ ಸುಮ್ಮನೆ ಕೂತದ್ದಕ್ಕೂ ಬಾಡಿಗೆ ಕೊಡಬೇಕು; ಆ ಬಾಡಿಗೆ ಹೊತ್ತು ಹೋದಂತೆ ಏರುತ್ತದೆ.

ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಕೇಂದ್ರದ 2025ರ ಕಾನೂನು ನಿಷೇಧಿಸಿದೆ. ಇಲ್ಲಿ ಹೇಳುವುದು ಊರಿನ ಕ್ಲಬ್ಬಿನಲ್ಲಿ ಚಿಪ್ಸ್ (ಪಣಕ್ಕಿಡುವ ಬಿಲ್ಲೆ) ಹಂಚಿಕೊಂಡು, ಗೆದ್ದವರಿಗೆ ಬರೀ ಅಂಕ ಕೊಡುವ ನೋ ಲಿಮಿಟ್ ಹೋಲ್ಡೆಮ್ (ಒಬ್ಬೊಬ್ಬರ ಕೈಗೆ ಎರಡೆರಡು ಎಲೆ ಕೊಟ್ಟು ಆಡುವ, ಪಣಕ್ಕೆ ಮಿತಿಯಿಲ್ಲದ ಪೋಕರ್) ಪಂದ್ಯದ ಮಾತು.

ಮೊದಲು ಎಣಿಕೆ

ಆ ಬಾಡಿಗೆಯೇ ಬ್ಲೈಂಡ್: ಎಲೆ ನೋಡುವ ಮೊದಲೇ ಸರದಿಯಂತೆ ಇಬ್ಬರು ಹಾಕಲೇಬೇಕಾದ ಚಿಪ್ಸ್, ಒಬ್ಬನದು ಸಣ್ಣ ಬ್ಲೈಂಡ್, ಇನ್ನೊಬ್ಬನದು ದೊಡ್ಡದು. ಎದುರಿಗಿರುವ ಚಿಪ್ಸನ್ನು ದೊಡ್ಡ ಬ್ಲೈಂಡಿನಿಂದ ಭಾಗಿಸಿ. ಬ್ಲೈಂಡ್ 500–1000, ಅದರ ಮೇಲೆ ದೊಡ್ಡ ಬ್ಲೈಂಡಿನವನೇ ಹಾಕುವ 1000 ಆಂಟಿ (ಮೇಜಿನ ಪರವಾಗಿ ಕಟ್ಟುವ ಹೆಚ್ಚುವರಿ ಚಿಪ್ಸ್) ಇದೆ ಎನ್ನಿ. ನಿಮ್ಮಲ್ಲಿ 10,000 ಇದ್ದರೆ ಅದು 10 ಬ್ಲೈಂಡ್. ಒಂದು ಸುತ್ತು ಮುಗಿಯುವಾಗ 2500 ಹೋಗುತ್ತದೆ, ಎಂದರೆ ಕೈಕಟ್ಟಿ ಕೂತರೆ ನಾಲ್ಕೇ ಸುತ್ತು. ಈ ಸುತ್ತಿನ ಲೆಕ್ಕಕ್ಕೆ ಆಟಗಾರರು ‘ಎಂ’ ಎನ್ನುತ್ತಾರೆ. ಬ್ಯಾಕ್‌ಗ್ಯಾಮನ್ ಆಟಗಾರ ಪಾಲ್ ಮಗ್ರಿಯಲ್ ಹೆಸರಿನಿಂದ ಬಂದದ್ದು. ಗಡಿಯಾರವನ್ನೂ ನೋಡುತ್ತಿರಿ. ಮೂರು ನಿಮಿಷದಲ್ಲಿ ಬ್ಲೈಂಡ್ 1500ಕ್ಕೆ ಏರುವುದಿದ್ದರೆ ನಿಮ್ಮ 10 ಬ್ಲೈಂಡ್ ಆಗಲೇ ಸುಮಾರು ಆರೂಮುಕ್ಕಾಲಿಗೆ ಇಳಿದಂತೆ.

25ಕ್ಕಿಂತ ಹೆಚ್ಚಿದ್ದರೆ ಮಾಮೂಲಿ ಆಟವೇ ಸಾಕು, ಎರಡು–ಎರಡೂಕಾಲು ಬ್ಲೈಂಡಿಗೆ ರೈಸ್ ಮಾಡಿ (ಪಣ ಏರಿಸಿ). 15ರಿಂದ 25ರ ಒಳಗಿದ್ದರೆ, ಬೇರೆಯವರು ರೈಸ್ ಮಾಡಿದ ಮೇಲೆ ಪೂರ್ತಿ ಚಿಪ್ಸ್ ತಳ್ಳುವುದೇ ನಿಮ್ಮ ದೊಡ್ಡ ಆಯುಧ. 12ಕ್ಕಿಂತ ಕೆಳಗಿಳಿದರೆ ಎರಡೇ ದಾರಿ: ಆಲ್ ಇನ್ (ಪೂರ್ತಿ ಚಿಪ್ಸ್ ತಳ್ಳುವುದು), ಇಲ್ಲವೇ ಫೋಲ್ಡ್ (ಎಲೆ ಬಿಡುವುದು). 8 ಬ್ಲೈಂಡ್ ಇಟ್ಟುಕೊಂಡು ಎರಡಕ್ಕೆ ರೈಸ್ ಮಾಡಿ, ಎದುರಿನವನು ತಿರುಗಿ ಪಣ ಏರಿಸಿದಾಗ ಎಲೆ ಬಿಸಾಡುವುದು ಕ್ಲಬ್ ಮೇಜುಗಳಲ್ಲಿ ದಿನಾ ಕಾಣುವ ತಪ್ಪು. ಚಿಪ್ಸಿನ ಕಾಲು ಭಾಗ ಪುಕ್ಕಟೆ ಹೋಯಿತು.

ತಳ್ಳುವುದು ಯಾಕೆ ಲಾಭ?

ನೀವು ಡೀಲರ್ ಬಟನ್‌ನಲ್ಲಿದ್ದೀರಿ, ಎಂದರೆ ಎಲೆ ಹಂಚುವವನ ಜಾಗದಲ್ಲಿ; ನಿಮ್ಮ ನಂತರ ಎರಡು ಬ್ಲೈಂಡಿನವರು ಮಾತ್ರ. ಕೈಯಲ್ಲಿ 8000, ಹಿಂದಿನವರೆಲ್ಲ ಫೋಲ್ಡ್. ನಡುವೆ 2500 ಬಿದ್ದಿದೆ. ಆಲ್ ಇನ್ ಹೇಳುತ್ತೀರಿ. ನೂರರಲ್ಲಿ 65 ಸಲ ಇಬ್ಬರೂ ಎಲೆ ಬಿಟ್ಟರೆ ಆ 2500 ನಿಮ್ಮದು. ಉಳಿದ 35 ಸಲ ದೊಡ್ಡ ಬ್ಲೈಂಡಿನವನು ಕಾಲ್ ಮಾಡಿದನೆನ್ನಿ, ಎಂದರೆ ನಿಮ್ಮಷ್ಟೇ ಚಿಪ್ಸ್ ಕಟ್ಟಿದ. ಆಗ ನಡುವೆ ಬಿದ್ದ ಒಟ್ಟು ಚಿಪ್ಸ್, ಎಂದರೆ ಪಾಟ್, 17,500: ನಿಮ್ಮಿಬ್ಬರ 16,000, ಸಣ್ಣ ಬ್ಲೈಂಡಿನ 500, ಆಂಟಿ 1000. ನಿಮ್ಮ ಎಲೆ ಬಡವಾಗಿ 35% ಮಾತ್ರ ಗೆಲ್ಲುವಂಥದ್ದಾದರೂ ಪಾಲಿಗೆ 6125 ಬರುತ್ತದೆ, ನಷ್ಟ 1875. ಎರಡನ್ನೂ ಕೂಡಿ ಕಳೆದರೆ ಸರಾಸರಿ 970ರಷ್ಟು ಲಾಭ. ಎಲೆಗಿಂತ ಹೆಚ್ಚಾಗಿ ಎದುರಿನವರ ಫೋಲ್ಡೇ ನಿಮ್ಮನ್ನು ಸಾಕುತ್ತಿದೆ. ಆದ್ದರಿಂದಲೇ 4–5 ಬ್ಲೈಂಡಿಗೆ ಇಳಿಯುವವರೆಗೆ ‘ಒಳ್ಳೆ ಎಲೆ’ ಕಾಯುತ್ತ ಕೂರಬಾರದು. ಅಷ್ಟು ಸಣ್ಣ ಗುಡ್ಡೆಗೆ ಯಾರೂ ಹೆದರುವುದಿಲ್ಲ, ಯಾವ ಎಲೆ ಇದ್ದರೂ ಕಾಲ್ ಮಾಡುತ್ತಾರೆ.

ಕೂತ ಜಾಗವೂ ಮುಖ್ಯ. 10 ಬ್ಲೈಂಡ್ ಇದ್ದು ಎಂಟು ಜನರ ಮೇಜಿನಲ್ಲಿ ಮೊದಲು ಮಾತಾಡಬೇಕಾದರೆ ಜೋಡಿ ಎಲೆ, ಎಕ್ಕ–ಹತ್ತು ಅಥವಾ ಅದಕ್ಕಿಂತ ಮೇಲಿನದು ಬೇಕು. ಬಟನ್‌ನಲ್ಲಿ ಯಾವ ಜೋಡಿಯಾದರೂ, ಯಾವ ಎಕ್ಕವಾದರೂ ಸಾಕು. ಎಲ್ಲರೂ ಬಿಟ್ಟು ಸಣ್ಣ ಬ್ಲೈಂಡಿನವನ ವರೆಗೆ ಬಂದರೆ ಅರ್ಧಕ್ಕಿಂತ ಹೆಚ್ಚು ಕೈಗಳನ್ನು ತಳ್ಳಬಹುದು.

ಕಾಲ್ ಮಾಡುವುದು ಬೇರೆಯೇ ಲೆಕ್ಕ

ತಳ್ಳಲು ಧೈರ್ಯ ಬಂದವರು ಅದೇ ಧೈರ್ಯದಲ್ಲಿ ಕಾಲ್ ಮಾಡಿ ಹೊರಬೀಳುತ್ತಾರೆ. ಕಾಲ್ ಮಾಡುವವನಿಗೆ ಎದುರಿನವನು ಬಿಟ್ಟುಕೊಡುವ ಲಾಭವೇ ಇಲ್ಲ, ಎಲೆ ತೋರಿಸಿಯೇ ಗೆಲ್ಲಬೇಕು. ಬಹುಮಾನದ ಹೊಸ್ತಿಲಲ್ಲಿ, ಎಂದರೆ ಬಬಲ್‌ನಲ್ಲಿ, ಇದು ಇನ್ನೂ ದುಬಾರಿ.

ಲೆಕ್ಕ ಹೀಗೆ. ನಾಲ್ವರು ಉಳಿದಿದ್ದಾರೆ, ಎಲ್ಲರದೂ ಸಮ ಚಿಪ್ಸ್. ಅಂಕ ಮೂವರಿಗೆ ಮಾತ್ರ: 50, 30, 20. ಈಗ ಒಬ್ಬೊಬ್ಬರ ಪಾಲು 25 ಅಂಕ. ಒಬ್ಬ ಆಲ್ ಇನ್ ಹೇಳಿದ, ನೀವು ಕಾಲ್ ಮಾಡಿ ಗೆದ್ದಿರಿ. ಚಿಪ್ಸ್ ದುಪ್ಪಟ್ಟು. ಆದರೆ ನಿಮ್ಮ ಪಾಲು 50 ಆಗುವುದಿಲ್ಲ: ಮೊದಲ ಸ್ಥಾನದ ಸಾಧ್ಯತೆ ಅರ್ಧ, ಎರಡನೆಯದು ಮೂರನೇ ಒಂದು, ಮೂರನೆಯದು ಆರನೇ ಒಂದು. ಕೂಡಿದರೆ 38.3 ಅಂಕ. ಸೋತರೆ ಸೊನ್ನೆ. 38.3 ಸಿಗಲೆಂದು 25 ಪಣಕ್ಕಿಡುವಾಗ ಗೆಲ್ಲುವ ಸಾಧ್ಯತೆ 65% ಆದರೂ ಬೇಕು. ಒಂಬತ್ತರ ಜೋಡಿ ಎಕ್ಕ–ರಾಜನ ಎದುರು 55%ರ ಆಸುಪಾಸು. ಬೇರೆ ಬೇರೆ ಜಾತಿಯ ಎಕ್ಕ–ಏಳು, ಎದುರಿನವನು ಕಣ್ಣುಮುಚ್ಚಿ ತಳ್ಳಿದ್ದರೂ 60% ಮುಟ್ಟುವುದಿಲ್ಲ. ಎರಡನ್ನೂ ಬಿಡಬೇಕು, ಕೈ ತುರಿಸಿದರೂ ಬಿಡಬೇಕು.

ಇದೇ ಲೆಕ್ಕ ದೊಡ್ಡ ಗುಡ್ಡೆಯವನಿಗೆ ವರ. ಬಬಲ್‌ನಲ್ಲಿ ಅವನು ಮಧ್ಯಮ ಗುಡ್ಡೆಯವರನ್ನು ಮತ್ತೆ ಮತ್ತೆ ಒತ್ತಬೇಕು, ಅವರಿಗೇ ಕಳೆದುಕೊಳ್ಳುವ ಭಯ ಹೆಚ್ಚು. ಎರಡು ಬ್ಲೈಂಡ್ ಉಳಿದವನನ್ನು ಹೆದರಿಸಲು ಹೋದರೆ ಅವನು ಕಾಲ್ ಮಾಡುತ್ತಾನೆ, ಅವನಿಗೇನು. ನೀವು ಮಧ್ಯಮದವರಾಗಿದ್ದು ಮೇಜಿನಲ್ಲಿ ಅಂಥ ಸಣ್ಣ ಗುಡ್ಡೆ ಇದ್ದರೆ, ಅದು ಹೊರಬೀಳುವವರೆಗೆ ದೊಡ್ಡವನ ಜೊತೆ ಜಟಾಪಟಿ ಬೇಡ.

ಇಬ್ಬರೇ ಉಳಿದಾಗ

ಹೊಸ್ತಿಲ ಭಯ ಇಲ್ಲಿಲ್ಲ, ಪುನಃ ಬರೀ ಚಿಪ್ಸಿನ ಲೆಕ್ಕ. ಯಾವುದೇ ಜೋಡಿ, ಯಾವುದೇ ಎಕ್ಕ ಈಗ ದೊಡ್ಡ ಕೈ. ಬಟನ್ ಇದ್ದವನೇ ಸಣ್ಣ ಬ್ಲೈಂಡ್ ಹಾಕಬೇಕು; ಫ್ಲಾಪ್‌ಗೆ (ಮೇಜಿನ ನಡುವೆ ಬಿಚ್ಚುವ ಮೊದಲ ಮೂರು ಎಲೆ) ಮೊದಲು ಅವನ ಮಾತು ಮೊದಲು, ಫ್ಲಾಪ್ ಆದ ಮೇಲೆ ಕೊನೆಗೆ. ಮನೆ ಮೇಜುಗಳಲ್ಲಿ ಇದನ್ನು ತಿರುವುಮುರುವು ಮಾಡಿ ಜಗಳವಾಗುವುದುಂಟು. ದೊಡ್ಡ ಚಿಪ್ಸನ್ನು ಸಣ್ಣವುಗಳ ಹಿಂದೆ ಅಡಗಿಸಿಡಬಾರದು, ಎದುರಿನವನು ಕೇಳದೆಯೂ ಕಾಣುವಂತಿರಬೇಕು. ಇಬ್ಬರೂ ಆಲ್ ಇನ್ ಆದರೆ ಮೊದಲು ಸಣ್ಣ ಗುಡ್ಡೆ ಎಣಿಸಿ, ದೊಡ್ಡದರಿಂದ ಅಷ್ಟೇ ಬೇರ್ಪಡಿಸಿ ನಡುವೆ ತಳ್ಳಿ, ಆಮೇಲೆ ಎಲೆ ಬಿಚ್ಚಿ.