ನಮ್ಮ ಮನೆಯವರ ದಾಡಿ ಡಬ್ಬಿ

ದಾಡಿ ವಿಷಯ ಹೆಂಗಸಿಗೇನು ಗೊತ್ತು ಅಂತ ನಗಬೇಡಿ. ನಮ್ಮ ಮನೆಯವರಿಗೆ ಲಕ್ವಾ ಹೊಡೆದು ಬಲಗೈ ಬಿದ್ದುಹೋದ ಮೇಲೆ ಮೂರು ವರ್ಷ ಅವರ ದಾಡಿ ಮಾಡಿದವಳು ನಾನೇ. ಕಟಿಂಗ್ ಅಂಗಡಿಯವನು ಮನೆಗೆ ಬರುತ್ತಿದ್ದ, ಆದರೆ ಅವನಿಗೆ ಬಿಡುವಿದ್ದಾಗ. ಎಂಟು ದಿನದ ಬಿಳಿ ಗಡ್ಡ ಎಡಗೈಯಿಂದ ಕೆರೆದುಕೊಳ್ಳುತ್ತ ಕೂತಿರುತ್ತಿದ್ದರು. ನೋಡಲಾಗದೆ ಒಂದಿನ ಅವರ ಹಳೇ ಡಬ್ಬಿ ತೆಗೆದೆ. ಮೇಲಿನ ಹೊಳಪು ಸವೆದು ಹಿತ್ತಾಳೆ ಕಾಣುತ್ತಿದ್ದ ರೇಜರ್, ಒಂದು ಬ್ರಶ್, ಒಂದು ತುಂಡು ಪಟಿಕ. ಮೊದಲ ದಿನ ಮೂರು ಕಡೆ ಕೊಯ್ದೆ. "ಒತ್ತಬ್ಯಾಡ... ಅದರ ಭಾರಾನ ಸಾಕು" ಅಂತ ತೊದಲುತ್ತ ಹೇಳಿದರು. ಕೈಗೆ ಅದು ಅರ್ಥವಾಗಲು ತಿಂಗಳು ಹಿಡಿಯಿತು.

ಮೊದಲು ನೀರಿನ ಮಾತು. ಹಳೇ ಬಾಗಲಕೋಟೆಯಲ್ಲಿದ್ದಾಗ ನಮ್ಮದು ಘಟಪ್ರಭೆಯ ನೀರು. ಸಾಬೂನು ಮುಟ್ಟಿಸಿದರೆ ಸಾಕು, ಬುರುಗು ಏಳುತ್ತಿತ್ತು. ಆಲಮಟ್ಟಿ ಹಿನ್ನೀರಿಗೆ ನಮ್ಮ ಓಣಿ ಮುಳುಗಡೆಯಾಗಿ ನವನಗರಕ್ಕೆ ಬಂದೆವು. ಇಲ್ಲಿ ನಮ್ಮ ಬಚ್ಚಲಿಗೆ ಬೋರ್ ನೀರು. ಎಷ್ಟು ತಿಕ್ಕಿದರೂ ತೆಳ್ಳಗೆ ಬಂದು ಮುಖದ ಮೇಲೇ ಒಣಗುತ್ತಿತ್ತು. ಸಾಬೂನಿನ ತಪ್ಪು ಅಂತ ಎರಡು ಬಾರಿ ಸಾಬೂನು ಬದಲಿಸಿದೆ. ತಪ್ಪು ನೀರಿನದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಸಾಬೂನಿನ ಜತೆ ಸೇರಿ ಜಿಡ್ಡು ಕಟ್ಟುತ್ತವೆ, ಬುರುಗಿಗೆ ಸಾಬೂನೇ ಉಳಿಯುವುದಿಲ್ಲ. ಹಂಡೆಯ ತಳದಲ್ಲಿ ಬಿಳಿ ಪೊರೆ ಕೂರುತ್ತದಲ್ವಾ, ಅದೂ ಇದೇ ನೀರಿನದು. ಕುದಿಸಿ ಆರಿಸಿ ಮೇಲಿನ ತಿಳಿ ತೆಗೆದರೆ ಗಡಸು ಸ್ವಲ್ಪ ಇಳಿಯುತ್ತದೆ. ನಾನು ಅಷ್ಟು ತಾಪತ್ರಯ ಪಡಲಿಲ್ಲ. ಕುಡಿಯಲು ತರುವ ಫಿಲ್ಟರ್ ನೀರಿನದೇ ಒಂದು ವಾಟಗ ಬೆಚ್ಚಗೆ ಮಾಡಿದೆ. ಬುರುಗಿಗೆ ಅದು, ಮುಖ ತೊಳೆಯಲು ಬೋರ್ ನೀರು.

ಬ್ರಶ್ಶನ್ನು ಎರಡು ನಿಮಿಷ ಬೆಚ್ಚನೆ ನೀರಿನಲ್ಲಿ ನೆನೆಸಿ ಒಮ್ಮೆ ಜಾಡಿಸಿ. ಸಾಬೂನಿನ ಮೇಲೆ ಅರ್ಧ ನಿಮಿಷ ತಿರುಗಿಸಿ. ಆಮೇಲೆ ಖಾಲಿ ವಾಟಗದಲ್ಲಿ ಕಡೆಯುತ್ತ ಹನಿ ಹನಿ ನೀರು ಸೇರಿಸಬೇಕು. ಒಮ್ಮೆಲೇ ಸುರಿದರೆ ಬಟ್ಟೆ ಒಗೆಯುವಾಗ ಬರುವಂಥ ದೊಡ್ಡ ಗುಳ್ಳೆ ಬರುತ್ತವೆ, ಅದು ಬರೀ ಗಾಳಿ. ಕಟ್ಟಿದ ಮೊಸರನ್ನು ಕಡೆದ ಹಾಗೆ ನುಣ್ಣಗೆ, ಗುಳ್ಳೆ ಕಾಣದಂತೆ ಆದಾಗ ಹದ ಬಂತು. ಇದಕ್ಕೂ ಮೊದಲು ಬಿಸಿ ನೀರಲ್ಲಿ ಹಿಂಡಿದ ಟವೆಲ್ ಗಡ್ಡದ ಮೇಲೆ ಎರಡು-ಮೂರು ನಿಮಿಷ ಇರಲಿ. ನೆನೆದ ಕೂದಲು ಮೆತ್ತಗಾಗುತ್ತದೆ, ಬ್ಲೇಡಿಗೆ ಕೆಲಸ ಕಡಿಮೆ. ಲಕ್ವಾ ಹೊಡೆದ ಕಡೆ ಕೆಲವರಿಗೆ ಬಿಸಿ ಗೊತ್ತಾಗುವುದಿಲ್ಲ. ಟವೆಲನ್ನು ನಿಮ್ಮ ಮಣಿಕಟ್ಟಿಗೆ ಇಟ್ಟು ನೋಡದೆ ಅವರ ಮುಖಕ್ಕೆ ಇಡಬೇಡಿ.

ಈ ಎರಡು ಅಂಚಿನ ಬ್ಲೇಡಿನ ರೇಜರಿಗೆ ಅಮೆರಿಕದ ಜಿಲೆಟ್ ಪೇಟೆಂಟ್ ಪಡೆದದ್ದು 1904ರಲ್ಲಂತೆ. ನಮ್ಮ ಮಾವನವರ ಕಾಲಕ್ಕೂ ನಮ್ಮೂರಲ್ಲಿ ಕತ್ತಿಯೇ ನಡೆಯುತ್ತಿತ್ತು. ಅವರು ತಮ್ಮ ಕೈಯಿಂದ ದಾಡಿ ಮಾಡಿಕೊಂಡದ್ದು ನಾನು ಕಂಡಿಲ್ಲ. ಮಂಗಳವಾರ, ಶನಿವಾರ, ಅಮಾವಾಸ್ಯೆ ದಾಡಿ ಬೇಡ ಅನ್ನುವುದೂ ಅವರದೇ ಕಟ್ಟಳೆ. ನಾನು ಅದನ್ನು ಬಿಡಲಿಲ್ಲ. ಶಾಸ್ತ್ರ ಏನಾದರೂ ಇರಲಿ, ಚರ್ಮಕ್ಕೆ ಬಿಡುವು ಸಿಕ್ಕಿತಲ್ಲ.

ರೇಜರಿನ ತಲೆಯನ್ನು ಕೆನ್ನೆಗೆ ಚಪ್ಪಟೆಯಾಗಿ ಇಟ್ಟು, ಹಿಡಿಯನ್ನು ನಿಧಾನವಾಗಿ ಕೆಳಗಿಳಿಸಿ. ಬ್ಲೇಡ್ ಚರ್ಮಕ್ಕೆ ತಾಗುವ ಜಾಗ ಕೈಗೆ ತಿಳಿಯುತ್ತದೆ, ಚರ್ಮಕ್ಕೂ ಬ್ಲೇಡಿಗೂ ಸುಮಾರು 30 ಡಿಗ್ರಿ. ಕಿವಿಗೊಟ್ಟರೆ ಕೂದಲು ಕೊಯ್ಯುವ ಸಣ್ಣ ಕರಕರ ಸದ್ದು ಕೇಳುತ್ತದೆ. ಸದ್ದು ನಿಂತರೆ ಕೋನ ತಪ್ಪಿದೆ ಅಂತ ಲೆಕ್ಕ. ಒಂದೊಂದು ಎಳೆತ ಒಂದಿಂಚು ಸಾಕು. ಕೂದಲು ಹೋಗುವ ದಿಕ್ಕಿಗೇ ಎಳೆಯಿರಿ. ಗಂಟಲ ಹತ್ತಿರ ದಿಕ್ಕು ಬದಲಾಗುತ್ತದೆ, ಮೊದಲು ಬೆರಳಾಡಿಸಿ ನೋಡಿಕೊಳ್ಳಿ. ಇನ್ನೂ ನುಣುಪು ಬೇಕಾದರೆ ಮತ್ತೆ ಬುರುಗು ಹಚ್ಚಿ ಅಡ್ಡಡ್ಡ ಎಳೆಯಿರಿ. ವಿರುದ್ಧ ದಿಕ್ಕಿಗೆ ನಾನಂತೂ ಎಳೆದವಳಲ್ಲ. ನನ್ನ ಮೊಮ್ಮಗ ಐದು ಬ್ಲೇಡಿನ ರೇಜರನ್ನು ಕೆಳಗಿನಿಂದ ಮೇಲಕ್ಕೆ ಎಳೆದೆಳೆದು ಕತ್ತಿನ ತುಂಬ ಗುಳ್ಳೆ ಮಾಡಿಕೊಂಡಿದ್ದ. ಗುಂಗುರು ಕೂದಲು ತೀರ ಆಳಕ್ಕೆ ಕತ್ತರಿಸಿದರೆ ಒಳಗೇ ಮಡಚಿ ಬೆಳೆಯುತ್ತದೆ.

ವಯಸ್ಸಾದವರ ಕೆನ್ನೆ ಜೋಲುತ್ತದೆ. ಎಳೆದು ಹಿಡಿಯೋಣ ಅಂದರೆ ಸಾಬೂನಿಗೆ ಬೆರಳು ಜಾರುತ್ತದೆ. ಬೆರಳ ತುದಿಗೆ ಒದ್ದೆ ಪಟಿಕ ಉಜ್ಜಿಕೊಳ್ಳಿ, ಅಂಟಿಕೊಂಡ ಹಾಗೆ ನಿಲ್ಲುತ್ತದೆ. ಆ ಪಟಿಕವನ್ನೇ ಕೊನೆಗೆ ಒದ್ದೆ ಮುಖಕ್ಕೆ ಆಡಿಸಿ ತೊಳೆದರೆ ಸಣ್ಣ ಗೀರಿನ ರಕ್ತ ನಿಲ್ಲುತ್ತದೆ. ಆದರೆ ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಿಗೆ ಗೀರೂ ಬೇಗ ಕಟ್ಟುವುದಿಲ್ಲ. ನಮ್ಮವರಿಗೆ ಹತ್ತಿ ಒತ್ತಿ ಐದು ನಿಮಿಷ ಹಿಡಿಯಬೇಕಾಗುತ್ತಿತ್ತು. ಅಂಥವರಿಗೆ ಕರೆಂಟಿನ ಟ್ರಿಮ್ಮರೇ ವಾಸಿಯಾ ಅಂತ ಡಾಕ್ಟರನ್ನು ಕೇಳಿಯೇ ಶುರು ಮಾಡಿ. ಒಬ್ಬರ ಬ್ಲೇಡ್ ಇನ್ನೊಬ್ಬರಿಗೆ ಬೇಡ, ಅಪ್ಪ-ಮಗನಾದರೂ. ಕಾಮಾಲೆ ತರುವ ಹೆಪಟೈಟಿಸ್ ಬಿ ವೈರಸ್ ಆ ದಾರಿಯಲ್ಲೂ ಹರಡುತ್ತದೆ.

ನಾಲ್ಕೈದು ದಾಡಿಗೆ ಬ್ಲೇಡ್ ಬದಲಿಸಿ. ಕೂದಲು ಕಿತ್ತ ಹಾಗಾದರೆ ಮೊದಲೇ ಬದಲಿಸಿ, ಅಗ್ಗದ ಸಾಮಾನಿಗೆ ಜಿಪುಣತನ ಬೇಡ. ಬಟ್ಟೆಯಿಂದ ಒರೆಸಬೇಡಿ, ಅಂಚೂ ಹೋಗುತ್ತದೆ, ಬೆರಳೂ ಹೋಗುತ್ತದೆ. ತೊಳೆದು ಜಾಡಿಸಿದರೆ ಸಾಕು. ಬ್ರಶ್ಶನ್ನು ಡಬ್ಬಿಯಲ್ಲಿ ಮುಚ್ಚಿಡದೆ ಕೂದಲು ಕೆಳಗಾಗಿ ತೂಗುಹಾಕಿ, ಇಲ್ಲದಿದ್ದರೆ ಬುಡ ಕೊಳೆತು ಉದುರುತ್ತದೆ.

ಹಳೇ ಬ್ಲೇಡನ್ನು ಕಸದ ಬುಟ್ಟಿಗೆ ಹಾಕಬೇಡಿ. ಕಸ ಬೇರೆ ಮಾಡುವ ಹೆಣ್ಣುಮಕ್ಕಳ ಕೈ ಕೊಯ್ಯುತ್ತದೆ. ಹಾಲಿನಪುಡಿಯ ತಗಡಿನ ಡಬ್ಬಿಗೆ ಮುಚ್ಚಳದಲ್ಲಿ ಸೀಳು ಮಾಡಿ, ಮುಚ್ಚಳದ ಸುತ್ತ ಟೇಪ್ ಹಚ್ಚಿ ಅದರೊಳಗೆ ಹಾಕುತ್ತ ಬಂದೆ. ಮೂರು ವರ್ಷಕ್ಕೂ ಅರ್ಧ ತುಂಬಲಿಲ್ಲ. ಈಗ ಮೊಮ್ಮಗ ಹಾಕುತ್ತಿದ್ದಾನೆ.