ಬರಕ್ಕೆ ಪಡುವಣ ಹಿಡಿದವರ ಜಾಡು ಸಿಕ್ಕಿದ್ದು ಹೀಗೆ

‘ಹೆಳವನ ಮಾತ್ ಏನ್ ನಂಬ್ತೀಯೋ, ಎರಡ ಸೇರ ಜ್ವಾಳಾ ಹೆಚ್ಚಿಗಿ ಕೊಟ್ರ ರಾಜನ ವಂಶಕ್ಕ ಹಚ್ಚತಾನ’ ಎಂದು, ಮನೆತನಗಳ ವಂಶಾವಳಿ ಹೇಳುವ ಹೆಳವನನ್ನು ಹಿಡಿದು ನಮ್ಮ ಹಿರಿಯರ ಮೂಲ ಊರು ಹುಡುಕಲು ಹೊರಟಾಗ ನಮ್ಮ ಕಾಕಾ ನಕ್ಕಿದ್ದರು. ಈಗ ಆ ಹೆಳವ ಹೇಳಿದ್ದಕ್ಕೂ ವಾರಸಾ ನೋಂದಿಯ (ಸತ್ತವನ ಹೊಲ ವಾರಸುದಾರರ ಹೆಸರಿಗೆ ಏರಿಸಿದ ದಾಖಲೆಯ) ನಕಲಿಗೂ ತಾಳೆಯಾಗಿದೆ. ಕಾಕಾ ನಕಲನ್ನು ಎರಡು ಸಲ ಓದಿ ಸುಮ್ಮನಾದರು.

ನಮ್ಮದು ಖಾನಾಪುರ ಸೀಮೆ, ಅಡ್ಡಹೆಸರು ಕೆರೂರ. ಬಾದಾಮಿ ತಾಲೂಕಿನ ಕೆರೂರೋ ಚಿಕ್ಕೋಡಿ ಕಡೆಯದೋ ಎಂದು ಮನೆಯಲ್ಲಿ ಜಗಳ. ನನಗೆ ಎರಡರ ಮೇಲೂ ಅನುಮಾನವಿತ್ತು. ಗುಳೆ ಬಂದವನನ್ನು ಹೊಸ ಊರಿನವರು ಕರೆಯುವುದು ಅವನು ಕಡೆಗೆ ಬಿಟ್ಟುಬಂದ ಊರಿನ ಹೆಸರಿನಿಂದ. ಹುಟ್ಟಿದ ಊರು ಅವರಿಗೇನು ಗೊತ್ತು?

ಕಾಗದ ಹಿಡಿದು ಹಿಂದೆ ಹೋದರೆ ದಾರಿ ಬೇಗ ಮುಗಿಯುತ್ತದೆ. ಮುಂಬಯಿ ಇಲಾಖೆಗೆ ಹಕ್ಕುದಾಖಲೆ ಕಾಯಿದೆ ಬಂದದ್ದೇ 1903ರಲ್ಲಿ. ನಮ್ಮವರು ಊರು ಬಿಟ್ಟದ್ದು 1876-78ರ ಬರದಲ್ಲಿ. ನಡುವಿನ ಕಾಲು ಶತಮಾನ ಅವರ ಹೆಸರಿಗೆ ಒಂದು ಗುಂಟೆಯೂ ಇರಲಿಲ್ಲ. ಹಳೆಯ ಮರಾಠಿ ಕಾಗದಗಳ ಮೋಡಿ ಲಿಪಿ ಓದುವವರಿಗೆ ಪುಟಕ್ಕೆ ಇನ್ನೂರು, ಮುನ್ನೂರು ಕೊಟ್ಟು ಓದಿಸಿದ್ದರಲ್ಲಿ ಮುಕ್ಕಾಲು ಪಾಲು ಬೇರೆಯವರ ಹೊಲದ ಬಾಂದಿನ, ಅಂದರೆ ಗಡಿಯ, ತಕರಾರು. ಹತ್ತು ಹನ್ನೆರಡು ಸಾವಿರ ಹೋಯಿತು. ಡಿಎನ್‌ಎ ಪರೀಕ್ಷೆಗೆ ಇನ್ನೊಂದು ಎಂಟು ಸಾವಿರ. ನಾನು ದಕ್ಷಿಣ ಭಾರತದವನೆಂದು ತಿಳಿಯಿತು! ನೋಟು ಪರೀಕ್ಷಿಸುವ ಯುವಿ ಟಾರ್ಚು ಮಾತ್ರ ದುಡ್ಡಿಗೆ ಮೋಸ ಮಾಡಲಿಲ್ಲ. ಮಾಸಿದ ಹಳೆಯ ಕಬ್ಬಿಣಾಂಶದ ಮಸಿ ಅದರ ಬೆಳಕಿಗೆ ಕಪ್ಪಗೆ ಏಳುತ್ತದೆ. ಕತ್ತಲಲ್ಲಿ ಹಿಡಿಯಬೇಕು, ಅಷ್ಟೇ.

ಕೆಲಸಕ್ಕೆ ಬಂದದ್ದು ಮನೆದೇವರು. ಪಡುವಣಕ್ಕೆ ಬಂದವರು ಹೊಲ ಬಿಟ್ಟರು, ಬನಶಂಕರಿಯನ್ನು ಬಿಡಲಿಲ್ಲ. ಬನದ ಹುಣ್ಣಿಮೆಯ ಜಾತ್ರೆಯಲ್ಲಿ ಅಡ್ಡಹೆಸರು ಎತ್ತದೆ ಬರೀ ಬೆಡಗು (ಕುಲದೊಳಗಿನ ಬಳಿಯ ಹೆಸರು) ಹೇಳಿ ವಿಚಾರಿಸುತ್ತ ಹೋದೆ. ಹುನಗುಂದ ಕಡೆಯ ಒಂದು ಮನೆತನ ಸಿಕ್ಕಿತು; ಅವರ ಮನೆಗೆ ಈಗಲೂ ಹೆಳವರು ಬರುತ್ತಾರೆ. ಆ ಹೆಳವನ ಠಿಕಾಣಿ ಹೇಗೆ ಪತ್ತೆ ಮಾಡಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಎರಡು ಮನೆತನ ಹುಡುಕುವುದಿದೆ.

ಅವನು ಮೊದಲು ಕೇಳಿದ್ದು ಆಕಳು. ಎರಡು ಚೀಲ ಜೋಳ, ಐದು ಸಾವಿರಕ್ಕೆ ಒಪ್ಪಿದ. ಅವನ ವಂಶಾವಳಿಯ ಹೊತ್ತಿಗೆಯಲ್ಲಿ ನಾಲ್ವರು ಅಣ್ಣತಮ್ಮಂದಿರು. ಮೂರನೆಯವನು ಬರದಲ್ಲಿ ಹೆಂಡತಿಯೊಂದಿಗೆ ಕೆರೂರಿಗೆ, ಅಲ್ಲಿಂದ ‘ಮಲೆಸೀಮೆಗೆ’, ಅಂದರೆ ನಮ್ಮ ಖಾನಾಪುರದ ಕಡೆಗೆ. ನಮಗೆ ಗೊತ್ತಿದ್ದುದರ ಬಗ್ಗೆ ನಾನು ಬಾಯಿ ಬಿಡಲಿಲ್ಲ. ಆ ಹೆಳವನ ದಾಯಾದಿಯ ಬಳಿ ಬೇರೆ ಹೊತ್ತಿಗೆ ಇತ್ತು, ಅಲ್ಲಿಗೂ ಹೋಗಿ ಮೊದಲಿನಿಂದ ಓದಿಸಿದೆ. ಅಜ್ಜನ ಹೆಸರನ್ನೇ ಮೊಮ್ಮಗನಿಗೆ ಇಡುವ ನಮ್ಮಲ್ಲಿ ಹೆಸರೊಂದನ್ನೇ ನಂಬಿದರೆ ಕೆಟ್ಟೆವು. ಹೆಂಡತಿಯ ತವರೂರು ಕೂಡಬೇಕು. ಎರಡರಲ್ಲೂ ಅದೇ ತವರು. ಖಾನಾಪುರದ ನೋಂದಿಯಲ್ಲಿ ಅವಳು ವಿಧವೆ ವಾರಸುದಾರಳು, ಸಾಕ್ಷಿ ಹಾಕಿದವನು ಅದೇ ತವರಿನ ಅವಳ ತಮ್ಮ.

ಬಾಡಿಗೆ ಕಾರು ಸೇರಿ ಒಟ್ಟು ನಲವತ್ತು ಸಾವಿರದ ಆಸುಪಾಸು. ನಾಲ್ಕನೆಯವನು 1880ರ ದಶಕದಲ್ಲಿ ಲೋಂಡಾ, ಕ್ಯಾಸಲ್‌ರಾಕ್ ಕಡೆ ರೈಲು ಹಳಿಯ ಕೂಲಿಗೆ ಹೋದನಂತೆ. ಸದರ್ನ್ ಮರಾಠಾ ರೈಲ್ವೆಯ ಆ ಕಾಲದ ಮಸ್ಟರ್ ರೋಲ್ (ಕೂಲಿಗಳ ಹಾಜರಿ ಪಟ್ಟಿ) ಯಾರ ಕಣ್ಣಿಗಾದರೂ ಬಿದ್ದಿದ್ದರೆ ತಿಳಿಸಿ. ಬದಲಿಗೆ ಹೆಳವನ ಠಿಕಾಣಿಯ ಗುಟ್ಟು ಹೇಳುತ್ತೇನೆ.